ಎಕ್ಸ್‌ಮಸ್‌ನಲ್ಲಿ ಕ್ರಿಸ್ತನೆಲ್ಲಿ?

ಬೀಜಗಣಿತದ ಪಾಠದ ನಡುವೆ ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಸಾರ್, ಎಕ್ಸ್ ಅಂದ್ರೆ ಗೊತ್ತಿಲ್ಲದ್ದು ಅಂತೀರಿ. ಎಕ್ಸ್‌ಮಸ್ ಅಂತ ಬರೆದ್ರೆ ಕ್ರಿಸ್ತನ ಹೆಸರು ಅಳಿಸಿದ ಹಾಗೆ ಅಂತ ಅಪ್ಪ ಬೈತಾರೆ."

ಅವಳ ಅನುಮಾನ ಸಹಜವೇ. 1895ರಲ್ಲಿ ರಾಂಟ್‌ಜನ್ ತಾನು ಕಂಡ ಕಿರಣಗಳ ಸ್ವರೂಪ ತಿಳಿಯದೆ ಅವಕ್ಕೆ ಎಕ್ಸ್ ಎಂದೇ ಹೆಸರಿಟ್ಟ. ಆದರೆ ಹಬ್ಬದ ಹೆಸರಿನಲ್ಲಿರುವುದು ಆ ಎಕ್ಸ್ ಅಲ್ಲ. ಅದು ಆಲ್ಫಾ, ಬೀಟಾ, ಪೈಗಳ ಬಳಗದ ಗ್ರೀಕ್ ಅಕ್ಷರ 'ಕೈ' (ನಮ್ಮ ಕೈಕಾಲಿನ ಕೈ ಅಲ್ಲ!). ನೋಡಲು ಗುಣಾಕಾರದ ಗುರುತು; ಪ್ರಾಚೀನ ಉಚ್ಚಾರಣೆ ನಮ್ಮ 'ಖ'ಕಾರಕ್ಕೆ ಹತ್ತಿರ. 'ಅಭಿಷಿಕ್ತ' ಎಂಬರ್ಥದ 'ಕ್ರಿಸ್ತೋಸ್' ಪದದ ಮೊದಲಕ್ಷರ ಇದೇ. ಬೈಬಲ್ಲಿನ ಹೊಸ ಒಡಂಬಡಿಕೆ ಮೊದಲು ಬರೆಯಲ್ಪಟ್ಟದ್ದೂ ಗ್ರೀಕಿನಲ್ಲೇ.

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 4ನೇ ಶತಮಾನದಲ್ಲಿ ಈ ಅಕ್ಷರವನ್ನು ಅದರ ಮುಂದಿನ 'ರೋ' ಜೊತೆ ಹೆಣೆದು ತನ್ನ ಲಾಂಛನ ಮಾಡಿಕೊಂಡ. ಇಂಗ್ಲೆಂಡಿನ ಲಿಪಿಕಾರರು ಸುಮಾರು 900 ವರ್ಷಗಳ ಹಿಂದೆಯೇ ಹಬ್ಬದ ಹೆಸರನ್ನು ಹೀಗೆ ಚಿಕ್ಕದು ಮಾಡಿ ಬರೆದಿದ್ದರು. ಉಳಿದ 'ಮಸ್' ಎಂದರೆ ಚರ್ಚಿನ ಬಲಿಪೂಜೆ.

'ಡಾ.' ಎಂದು ಬರೆದು ಡಾಕ್ಟರ್ ಎನ್ನುತ್ತೇವಲ್ಲ, ಇದನ್ನೂ ಕ್ರಿಸ್‌ಮಸ್ ಎಂದೇ ಓದುವುದು ಸರಿ.

ಮರುದಿನ ಅವಳೆಂದಳು: "ಸಾರ್, ಗ್ರೀಕ್ ಅಕ್ಷರ ಎಲ್ಲಾ ಬರೆದು ತೋರ್ಸು ಅಂದ್ರು ಅಪ್ಪ!"