ಕಣಕಾಲಿನ ಶಸ್ತ್ರಚಿಕಿತ್ಸೆ: ಮನಸ್ಸಿಗೂ ಬೇಕು ಆರೈಕೆ

ಮುರಿದ ಮೂಳೆ ಕ್ಷ-ಕಿರಣ ಚಿತ್ರದಲ್ಲಿ ಕಾಣುತ್ತದೆ. ಕುಗ್ಗಿದ ಮನಸ್ಸು ಯಾವ ಚಿತ್ರದಲ್ಲಿಯೂ ಕಾಣುವುದಿಲ್ಲ. ಹಾಗಾಗಿ ಕಣಕಾಲಿನ ಶಸ್ತ್ರಚಿಕಿತ್ಸೆಯಾದವರ ಮನಸ್ಸಿನ ನೋವು ಎಷ್ಟೋ ಸಲ ಮನೆಯವರ ಗಮನಕ್ಕೇ ಬರುವುದಿಲ್ಲ.

ಕಣಕಾಲು ಎಂದರೇನು? ಮೊಣಕಾಲಿನ ಕೆಳಗಿರುವ ಟಿಬಿಯಾ ಮತ್ತು ಫಿಬ್ಯುಲಾ ಎಂಬ ಎರಡು ಮೂಳೆಗಳು ಪಾದದ ಟಾಲಸ್ ಮೂಳೆಯನ್ನು ಇಕ್ಕಳದಂತೆ ಹಿಡಿದಿರುವ ಕೀಲು ಇದು. ನಡೆಯುವಾಗ ದೇಹದ ಭಾರವೆಲ್ಲ ಇದರ ಮೇಲೆಯೇ ಬೀಳುತ್ತದೆ. ಮೂಳೆ ಮುರಿದು ಜಾಗ ತಪ್ಪಿದಾಗ ವೈದ್ಯರು ಲೋಹದ ಪಟ್ಟಿ ಮತ್ತು ತಿರುಪುಗಳಿಂದ ಅದನ್ನು ಜೋಡಿಸುತ್ತಾರೆ. ಅನಂತರ ಅನೇಕರು ಸುಮಾರು 6 ವಾರಗಳವರೆಗೆ ಆ ಕಾಲನ್ನು ಊರುವಂತಿಲ್ಲ. ಪೂರ್ತಿ ಚೇತರಿಕೆಗೆ ಹಲವು ತಿಂಗಳು ಬೇಕು.

ಆಲಮೇಲದ ಸುತ್ತಲಿನ ಕಬ್ಬು, ತೊಗರಿ ಬೆಳೆಯುವ ಯಾವುದೇ ಹಳ್ಳಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ನಿತ್ಯ ಹೊಲಕ್ಕೆ ಹೋಗುತ್ತಿದ್ದ ಯಜಮಾನನಿಗೆ ಈಗ ಶೌಚಕ್ಕೆ ಹೋಗಲೂ ಮತ್ತೊಬ್ಬರ ಹೆಗಲು ಬೇಕು. ಕೂಲಿ ನಿಂತಿದೆ, ಸಾಲ ನಿಂತಿಲ್ಲ. ‘ಕುಂತು ಉಂಡರೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ಯಾರೂ ಆಡದಿದ್ದರೂ ಅದು ಅವನ ಕಿವಿಯಲ್ಲಿ ಮೊಳಗುತ್ತಿರುತ್ತದೆ.

ಇಲ್ಲಿ ಎರಡು ಸ್ಥಿತಿಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಮುಂದೇನಾಗುವುದೋ ಎಂಬ ಭಯ ಆತಂಕ. ಆಗ ಅಡ್ರಿನಲಿನ್ ಹೆಚ್ಚಿ ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಇಷ್ಟು ಭಯ ಸಹಜ. ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ‘ಇನ್ನು ನನ್ನಿಂದ ಏನಾದೀತು’ ಎಂಬ ನಿರಾಶೆ ದಿನದ ಬಹುಪಾಲು 2 ವಾರಗಳಿಗೂ ಹೆಚ್ಚು ಕಾಲ ಉಳಿದರೆ ಅದು ಖಿನ್ನತೆ ಇರಬಹುದು.

ಇವು ಕಾಲಿಗೂ ತೊಂದರೆ ಕೊಡುತ್ತವೆ. ಆತಂಕದಿಂದ ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟರೆ ನೋವು ಹೆಚ್ಚಾಗಿ ಕಾಡುತ್ತದೆ. ನೋವಿನಿಂದ ಮತ್ತೆ ಆತಂಕ. ಖಿನ್ನತೆಯಾದವರು ವ್ಯಾಯಾಮ ಬಿಡುತ್ತಾರೆ, ಕೀಲು ಬಿಗಿಯುತ್ತದೆ. ಬೇಸರಕ್ಕೆ ಬೀಡಿ ಹಚ್ಚಿದರೆ ಮೂಳೆ ಕೂಡುವುದು ಇನ್ನೂ ತಡ.

ಇದನ್ನು ಪತ್ತೆ ಹಚ್ಚುವುದು ಹೇಗೆ? 1983ರಲ್ಲಿ ಜಿಗ್ಮಂಡ್ ಮತ್ತು ಸ್ನೇಥ್ ಎಂಬ ವೈದ್ಯರು ಆಸ್ಪತ್ರೆಯ ರೋಗಿಗಳಿಗಾಗಿ 14 ಪ್ರಶ್ನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಆತಂಕಕ್ಕೆ 7, ಖಿನ್ನತೆಗೆ 7. ದೇಹದ ಕಾಯಿಲೆಯಿಂದಲೇ ಬರಬಹುದಾದ ಲಕ್ಷಣಗಳನ್ನು ಅವರು ಬೇಕೆಂದೇ ಕೈಬಿಟ್ಟರು. ಏಕೆಂದರೆ ಮೂಳೆ ನೋವಿನಿಂದ ನಿದ್ರೆಗೆಟ್ಟವರನ್ನೆಲ್ಲ ಖಿನ್ನರೆಂದು ಎಣಿಸುವುದು ತಪ್ಪು. ಇಂಥ ಪಟ್ಟಿ ಸುಳಿವನ್ನಷ್ಟೇ ಕೊಡುತ್ತದೆ. ರೋಗ ನಿರ್ಧಾರ ವೈದ್ಯರದೇ.

ಮನಸ್ಸಿನ ಚಿಕಿತ್ಸೆ ದೊಡ್ಡ ನಗರಕ್ಕಷ್ಟೇ ಮೀಸಲೆಂದು ತಿಳಿಯಬೇಡಿ. ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಚಿಕಿತ್ಸೆಯ ತರಬೇತಿ ನೀಡಿತು. ಆ ಪ್ರಯೋಗದ ಮಾದರಿಯಲ್ಲಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. 2022ರ ಅಕ್ಟೋಬರ್‌ನಿಂದ ಟೆಲಿ-ಮಾನಸ್ ಸೇವೆಯೂ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಸಿಂದಗಿ ದಾಟಿ ವಿಜಯಪುರದವರೆಗೆ ಪಯಣಿಸಲಾಗದ ರೋಗಿಗೆ ಇದು ಮೊದಲ ಬಾಗಿಲು.

ನೀವೇನು ಮಾಡಬಹುದು? ಕಾಲು ಯಾವಾಗ ಊರಬೇಕು, ಯಾವ ವ್ಯಾಯಾಮ ಎಷ್ಟು ಸಲ ಎಂಬುದನ್ನು ವೈದ್ಯರಿಂದ ಕೇಳಿ ಬರೆದಿಡಿ. ಗೊತ್ತಿರುವ ದಾರಿಗೆ ಭಯ ಕಡಿಮೆ. ರೋಗಿಗೆ ಕುಳಿತು ಮಾಡಬಲ್ಲ ಕೆಲಸ ಕೊಡಿ: ಕಾಳು ಹಸನು ಮಾಡುವುದು, ಲೆಕ್ಕ ಬರೆಯುವುದು. ‘ಧೈರ್ಯ ತಂದುಕೊಳ್ಳಿ’ ಎಂದಷ್ಟೇ ಹೇಳಿ ಎದ್ದು ಹೋಗದೆ, ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಕೇಳಿ. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ತಮಾಷೆಯೆಂದು ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಡದೆ ಅಂದೇ ವೈದ್ಯರಿಗೆ ತಿಳಿಸಿ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಕೆಲವು ವಾರಗಳೇ ಬೇಕು, ನಡುವೆ ನಿಲ್ಲಿಸಬಾರದು.

ಕಾಲಿನ ಪಟ್ಟಿ ಬಿಚ್ಚುವ ದಿನ ವೈದ್ಯರು ಕೀಲನ್ನು ಪರೀಕ್ಷಿಸುತ್ತಾರೆ. ಅಂದು ನಿದ್ರೆ, ಭಯ, ಬೇಸರಗಳ ವಿಷಯವನ್ನೂ ಹೇಳಲು ನೀವು ನೆನಪಿಸಿರಿ.