ಅಂಗಡಿಯ ಗುಟ್ಟಿಗೂ ಬೇಕು ಒಂದು ಬೀಗ

ನಾಲ್ಕು ವರ್ಷ ಅಂಗಡಿಯಲ್ಲಿದ್ದ ಹುಡುಗ. ಮನೆಮಗನ ಹಾಗೆ ಇದ್ದ. 'ಅಕ್ಕಾ, ಒಂದು ಲೋಟ ಚಾ ಉಂಟಾ?' ಎಂದು ಅಡುಗೆಮನೆಯ ಬಾಗಿಲವರೆಗೆ ಬರುವಷ್ಟು ಸಲಿಗೆ. ಒಂದು ದಿನ 'ನಾಳೆಯಿಂದ ಬರುವುದಿಲ್ಲ' ಅಂದ. ಹದಿನೈದು ದಿನ ಕಳೆಯುವಷ್ಟರಲ್ಲಿ ರಸ್ತೆಯ ಆಚೆ ಬದಿಯಲ್ಲಿ ಹೊಸ ಬೋರ್ಡು: 'ಇಲ್ಲಿ ಎಲ್ಲಾ ತರದ ಕೀ ಮಾಡಿಕೊಡಲಾಗುವುದು.'

ಇದು ಇಂಥವರದ್ದೇ ಕಥೆ ಎಂದಲ್ಲ. ಸಣ್ಣ ಅಂಗಡಿಯನ್ನು ನಂಬಿಕೊಂಡ ಯಾವ ಮನೆಯಲ್ಲಾದರೂ ನಡೆಯಬಹುದು. ಆಗ ಗಂಡ ಸಿಟ್ಟಿನಲ್ಲಿ ಹಾರಾಡುತ್ತಾರೆ, ಅತ್ತೆ 'ಉಂಡ ಮನೆಗೆ ಎರಡು ಬಗೆದ' ಎನ್ನುತ್ತಾರೆ. ಲೆಕ್ಕ ಬರೆಯುವ ನಿಮಗೆ ಮಾತ್ರ ಬೇರೆಯದೇ ಚಿಂತೆ. ಗಿರಾಕಿಗಳ ಪುಸ್ತಕ ಎಲ್ಲಿದೆ?

ಕೀ ಅಂಗಡಿಯ ಗುಟ್ಟು ಹಿಟ್ಟಿನ ಗಿರಣಿಯ ಗುಟ್ಟಿನಂತಲ್ಲ. ಎಲ್ಲೂರು, ಮುದರಂಗಡಿ, ಉಚ್ಚಿಲದ ಕಡೆ ಒಮ್ಮೆ ಸುತ್ತಿ ಬನ್ನಿ. ಎಷ್ಟೋ ಮನೆಗಳಿಗೆ ವರ್ಷದ ಹೆಚ್ಚು ದಿನ ಬೀಗ. ಮಕ್ಕಳು ಮುಂಬೈಯಲ್ಲೋ ಕೊಲ್ಲಿಯಲ್ಲೋ ಇರುತ್ತಾರೆ. ವಿಶ್ವೇಶ್ವರ ದೇವರ ಜಾತ್ರೆಗೆಂದು ಊರಿಗೆ ಬಂದರೆ ಉಪ್ಪುಗಾಳಿಗೆ ಬೀಗ ತುಕ್ಕು ಹಿಡಿದಿರುತ್ತದೆ, ಕೀ ಮಾಡುವವರನ್ನು ಕರೆಸದೆ ಉಪಾಯವಿಲ್ಲ. ಅತ್ತ ಮಣಿಪಾಲದಲ್ಲಿ ವಿದ್ಯಾರ್ಥಿಗಳ ಬಾಡಿಗೆ ರೂಮುಗಳು, ಒಂದೊಂದಕ್ಕೆ ಎರಡು ಮೂರು ಡುಪ್ಲಿಕೇಟ್ ಕೀ. ಯಾವ ಮನೆಗೆ ಯಾವ ಬೀಗ, ಯಾರ ಕಪಾಟಿನ ಕೀ ನಂಬರ್ ಎಷ್ಟು, ಯಾರು ಯಾವ ತಿಂಗಳು ಊರಲ್ಲಿರುವುದಿಲ್ಲ ಎನ್ನುವುದೆಲ್ಲ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಅದು ಕೈಬದಲಾದರೆ ಹೋಗುವುದು ನಿಮ್ಮ ವ್ಯಾಪಾರ ಮಾತ್ರವಲ್ಲ, ಪರರ ಮನೆಯ ಬಂಗಾರವೂ ಹೋಗಬಹುದು. ಆಮೇಲೆ ಪೊಲೀಸರು ಮೊದಲು ಬಂದು ನಿಲ್ಲುವುದು ನಿಮ್ಮ ಅಂಗಡಿಯ ಎದುರೇ.

ಹಾಗಾಗಿ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಒಂದು 'ಗೌಪ್ಯತಾ ಒಪ್ಪಂದ' ಬರೆಸಿಕೊಳ್ಳಿ ಎನ್ನುತ್ತಾರೆ ತಿಳಿದವರು. 'ಅಯ್ಯೋ, ಅದೆಲ್ಲ ದೊಡ್ಡ ಕಂಪೆನಿಗಳಿಗೆ ಮಾರಾಯ್ತಿ' ಎಂದು ನಗಬೇಡಿ. ಎರಡು ಪುಟದ ಕಾಗದ ಸಾಕು.

ಯಾವುದು ಗುಟ್ಟು, ಯಾವುದು ಅಲ್ಲ?

ಹೆಚ್ಚಿನವರು ಎಡವುವುದು ಇಲ್ಲೇ. 'ಕೆಲಸ ಕಲಿಸಿದ್ದು ನಾನು, ಅವನು ಅದನ್ನು ಬೇರೆ ಕಡೆ ಮಾಡುವ ಹಾಗಿಲ್ಲ' ಎಂದು ಬರೆಸಿದರೆ ಆ ಕಾಗದಕ್ಕೆ ಬೆಲೆಯಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 27ನೇ ಕಲಮಿನ ಪ್ರಕಾರ, ಒಬ್ಬನು ನ್ಯಾಯವಾದ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು. ವ್ಯಾಪಾರವನ್ನು ಅದರ ಹೆಸರಿನ ಸಮೇತ ಮಾರಿದಾಗ ಮಾತ್ರ ಸ್ವಲ್ಪ ವಿನಾಯಿತಿ. ಕೆಲಸ ಬಿಟ್ಟ ಮೇಲೂ ಎರಡು ವರ್ಷ ಅದೇ ವ್ಯವಹಾರ ಮಾಡಬಾರದೆಂಬ ಷರತ್ತನ್ನು ಕಂಪೆನಿಯೊಂದು ಹಿಡಿದುಕೊಂಡು ಹೋದಾಗ ಸುಪ್ರೀಂ ಕೋರ್ಟು 1980ರಲ್ಲಿ ಅದನ್ನು ಜಾರಿಗೊಳಿಸಲು ಒಪ್ಪಲಿಲ್ಲ. ಅಂದರೆ ಹುಡುಗ ರಸ್ತೆಯ ಆಚೆ ಅಂಗಡಿ ಹಾಕಿದ್ದನ್ನು ನೀವು ತಡೆಯಲಾರಿರಿ. ಬೇಸರವಾಗುತ್ತದೆ, ನಿಜ. ಆದರೆ ಅವನೂ ಹೊಟ್ಟೆಪಾಡು ನೋಡಬೇಕಲ್ಲ?

ಅರ ಹಿಡಿದು ಕಲಿತ ಕೈ ಅವನದ್ದು. ಕೀ ನಂಬರಿನ ಪುಸ್ತಕ ನಿಮ್ಮದು. ಈ ಗೆರೆ ನೆನಪಿದ್ದರೆ ಅರ್ಧ ಕಾನೂನು ಗೊತ್ತಾದ ಹಾಗೆ.

ಹೊರದೇಶದ ಒಂದು ಪ್ರಸಂಗ ಇದಕ್ಕೆ ಸರಿಯಾಗಿ ಹೊಂದುತ್ತದೆ. 2003ರಲ್ಲಿ ಅಮೆರಿಕದ ಮ್ಯಾಟ್ ಬ್ಲೇಜ್ ಎಂಬ ಕಂಪ್ಯೂಟರ್ ತಜ್ಞರು ಒಂದು ಪ್ರಬಂಧ ಬರೆದರು. ಮಾಸ್ಟರ್ ಕೀ ಇರುವ ಕಟ್ಟಡದ ಒಂದು ಮಾಮೂಲಿ ಕೀ, ಅದರ ಬೀಗ, ಕೆಲವು ಬ್ಲ್ಯಾಂಕ್ ಕೀಗಳು ಸಿಕ್ಕಿದರೆ ಇಡೀ ಕಟ್ಟಡದ ಮಾಸ್ಟರ್ ಕೀಯನ್ನೇ ಮಾಡಬಹುದು ಎಂದು ತೋರಿಸಿದರು. ಅಲ್ಲಿನ ಬೀಗದ ವೃತ್ತಿಯವರು ಸಿಟ್ಟಾದರು. ಸುಳ್ಳೆಂದು ಅಲ್ಲ! 'ಇದು ನಮಗೆ ಮೊದಲೇ ಗೊತ್ತಿತ್ತು, ಹೊರಗೆ ಹೇಳಿದ್ದು ಯಾಕೆ?' ಎಂದು. ವೃತ್ತಿಯವರಿಗೆಲ್ಲ ಗೊತ್ತಿರುವ ಇಂಥ ವಿದ್ಯೆಯನ್ನು ನಿಮ್ಮೊಬ್ಬರ ಅಂಗಡಿಯ ಗುಟ್ಟು ಎಂದು ಹೇಳಲಾಗದು. ನಿಮ್ಮ ಗಿರಾಕಿಯ ಅಪಾರ್ಟ್‌ಮೆಂಟಿಗೆ ನೀವೇ ಹೊಂದಿಸಿದ ಮಾಸ್ಟರ್ ಕೀಯ ಪಟ್ಟಿ ಮಾತ್ರ ಖಂಡಿತ ಗುಟ್ಟು.

ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರು, ಕೀ ಸಂಖ್ಯೆ, ಕಾರಿನ ರಿಮೋಟ್ ಕೀ ಹೊಂದಿಸುವ ಯಂತ್ರದ ಪಾಸ್‌ವರ್ಡ್, ಬ್ಲ್ಯಾಂಕ್ ಕೀ ಎಲ್ಲಿಂದ ಎಷ್ಟು ದರಕ್ಕೆ ತರಿಸುತ್ತೀರಿ ಎಂಬುದು, ಇವೆಲ್ಲ ಒಪ್ಪಂದದಲ್ಲಿ ಒಂದೊಂದಾಗಿ ಬರಬೇಕು. 'ಅಂಗಡಿಯ ಎಲ್ಲಾ ವಿಷಯ' ಎಂದು ಒಂದೇ ಸಾಲಿನಲ್ಲಿ ಬರೆದರೆ ನಾಳೆ ಯಾವ ವಿಷಯ ಎಂಬ ಪ್ರಶ್ನೆ ಏಳುತ್ತದೆ. ಗಿರಾಕಿಗಳ ಪಟ್ಟಿಗೂ ಬೆಲೆಯುಂಟಾ ಎಂದು ಕೇಳಬಹುದು. ಉಂಟು. ಅಂಚೆಯ ಮೂಲಕ ಸಾಮಾನು ಮಾರುತ್ತಿದ್ದ ಕಂಪೆನಿಯೊಂದರ ಗಿರಾಕಿಗಳ ಪಟ್ಟಿಯನ್ನು ಹಿಂದಿನ ನೌಕರ ಬಳಸಿಕೊಂಡಾಗ ದೆಹಲಿ ಹೈಕೋರ್ಟು 1995ರಲ್ಲಿ ತಡೆಯಾಜ್ಞೆ ಕೊಟ್ಟಿತ್ತು.

ಬರೆಸುವಾಗ

ಒಪ್ಪಂದ ಕನ್ನಡದಲ್ಲೇ ಇರಲಿ. ಸಹಿ ಹಾಕುವವನಿಗೆ ಓದಿ ಹೇಳಿ, ಒಂದು ಪ್ರತಿ ಅವನಿಗೂ ಕೊಡಿ. ಸರಿಯಾದ ಸ್ಟಾಂಪ್ ಶುಲ್ಕ ಕಟ್ಟದ ಕಾಗದ, ಬಾಕಿ ಮತ್ತು ದಂಡ ಕಟ್ಟುವವರೆಗೆ ಕೋರ್ಟಿನಲ್ಲಿ ಸಾಕ್ಷ್ಯಕ್ಕೆ ಬಾರದು. ಆದ್ದರಿಂದ ವಕೀಲರಲ್ಲಿ ಈಗಿನ ದರ ಕೇಳಿಕೊಂಡು ಇ-ಸ್ಟಾಂಪ್ ತೆಗೆಸಿ. ಹುಡುಗನಿಗೆ 18 ತುಂಬಿದೆಯೇ ನೋಡಿ. ತುಂಬದಿದ್ದರೆ ಅವನ ಸಹಿಗೆ ಕಾನೂನಿನ ಬಲವಿಲ್ಲ.

'ಗುಟ್ಟು ಹೊರಬಿಟ್ಟರೆ ಹತ್ತು ಲಕ್ಷ ದಂಡ' ಎಂದು ಬರೆಸುವ ಚಪಲ ಕೆಲವರಿಗೆ. ಕರಾರು ಕಾಯಿದೆಯ 74ನೇ ಕಲಮು ಹೇಳುವುದೇ ಬೇರೆ. ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ, ಕೋರ್ಟು ಕೊಡಿಸುವುದು ಅದರೊಳಗೆ ನ್ಯಾಯವೆನಿಸಿದಷ್ಟನ್ನು. ಸುಮ್ಮನೆ ಹೆದರಿಸುವ ಅಂಕಿಗಿಂತ, ಕೆಲಸ ಬಿಡುವ ದಿನ ಪುಸ್ತಕ, ಮಾದರಿ ಕೀ, ಮೊಬೈಲಿನಲ್ಲಿರುವ ಫೋಟೋ ಎಲ್ಲ ಹಿಂದಿರುಗಿಸಬೇಕು, ಅಳಿಸಬೇಕು ಎಂಬ ಷರತ್ತು ಹೆಚ್ಚು ಪ್ರಯೋಜನದ್ದು. ಗುಟ್ಟು ಕಾಯುವ ಹೊಣೆ ಕೆಲಸ ಬಿಟ್ಟ ಮೇಲೂ ಮುಂದುವರಿಯುತ್ತದೆ ಎಂದು ಬರೆಸಲು ಮರೆಯಬೇಡಿ. ಅಂದ ಹಾಗೆ, ಅವನ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡನ್ನು ಒತ್ತೆ ಇಟ್ಟುಕೊಳ್ಳುವ ಅಭ್ಯಾಸ ಬಿಡಿ. ಅದರಿಂದ ನಿಮ್ಮ ಮೇಲೆಯೇ ದೂರು ಬಂದೀತು.

ಕಾಗದಕ್ಕಿಂತ ಮೊದಲು

ನಮ್ಮಲ್ಲಿ ವ್ಯಾಪಾರದ ಗುಟ್ಟಿಗೆಂದೇ ಪ್ರತ್ಯೇಕ ಕಾಯಿದೆ ಇಲ್ಲದ್ದರಿಂದ ಕೋರ್ಟುಗಳು ಕರಾರು ಮತ್ತು ನಂಬಿಕೆಯ ತತ್ವದ ಮೇಲೆಯೇ ತೀರ್ಪು ಕೊಡುತ್ತಾ ಬಂದಿವೆ. ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯ ಜತೆ ಇದಕ್ಕೊಂದು ಕರಡು ಮಸೂದೆಯನ್ನೂ ಕೊಟ್ಟಿತು. ಕಾಯಿದೆ ಇರಲಿ ಬಿಡಲಿ, ಕೋರ್ಟಿನಲ್ಲಿ ಏಳುವ ಪ್ರಶ್ನೆ ಒಂದೇ: ಗುಟ್ಟೆನ್ನುವುದನ್ನು ನೀವು ಗುಟ್ಟಾಗಿ ಇಟ್ಟಿದ್ದಿರಾ? ಪುಸ್ತಕ ಕೌಂಟರಿನ ಮೇಲೆ ಚಾ ಲೋಟದ ಕೆಳಗೆ ಬಿದ್ದಿದ್ದರೆ, ಪಾಸ್‌ವರ್ಡ್ ಗೋಡೆಗೆ ಅಂಟಿಸಿದ್ದರೆ ಯಾವ ವಕೀಲರೂ ಏನೂ ಮಾಡಲಾರರು.

ಇಲ್ಲಿ ಗೃಹಿಣಿಯ ಕೈ ಬೇಕು. ಹೆಸರು, ವಿಳಾಸ ಒಂದು ಪುಸ್ತಕದಲ್ಲಿ, ಕೀ ಸಂಖ್ಯೆ ಇನ್ನೊಂದರಲ್ಲಿ ಬರೆಯಿರಿ. ಎರಡನ್ನೂ ಜೋಡಿಸುವ ಕ್ರಮಸಂಖ್ಯೆಯ ಪಟ್ಟಿ ಮನೆಯ ಕಪಾಟಿನಲ್ಲಿರಲಿ. ಆಗ ಒಂದೇ ಪುಸ್ತಕ ಕದ್ದರೆ ಏನೂ ಸಿಗದು. ಡುಪ್ಲಿಕೇಟ್ ಕೇಳಿ ಬಂದವರ ಗುರುತುಚೀಟಿ ನೋಡಿ ಬರೆದಿಡುವ ರೂಢಿಯೂ ಒಳ್ಳೆಯದು. ಸಂಬಂಧಿಕರ ಹುಡುಗ ಕೆಲಸಕ್ಕೆ ಬಂದರೆ 'ಭಾವನ ಮಗನ ಹತ್ತಿರ ಸಹಿ ಕೇಳುವುದು ಹೇಗೆ?' ಎಂಬ ಸಂಕೋಚ ಬರುತ್ತದೆ. ಎಲ್ಲರಿಂದಲೂ ಹಾಕಿಸುವ ಕಾಗದ ಇದು ಎಂದು ಮೊದಲ ದಿನವೇ ಮುಂದಿಟ್ಟರೆ ಯಾರಿಗೂ ಬೇಸರವಿಲ್ಲ. ಜಗಳವಾದ ಮೇಲೆ ಕೇಳಿದರೆ ಯಾರೂ ಹಾಕುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಪುಸ್ತಕ ಹೋಯಿತು ಎನ್ನಿ. ಪುಸ್ತಕವನ್ನೇ ಎತ್ತಿಕೊಂಡು ಹೋಗಿದ್ದರೆ ಅದು ಕಳ್ಳತನ, ತಡಮಾಡದೆ ಠಾಣೆಗೆ ದೂರು ಕೊಡಿ. ಬರೇ ಮಾಹಿತಿ ಬಳಸುತ್ತಿದ್ದಾನೆ ಎಂದಾದರೆ ವಕೀಲರ ನೋಟಿಸು, ಆಮೇಲೆ ಉಡುಪಿಯ ನ್ಯಾಯಾಲಯದಲ್ಲಿ ತಡೆಯಾಜ್ಞೆಯ ದಾವೆ. ಎಲ್ಲಕ್ಕಿಂತ ಮೊದಲು ಗಿರಾಕಿಗಳಿಗೆ ಫೋನು ಮಾಡಿ ಬೀಗ ಬದಲಿಸಲು ಹೇಳಿ. ಮರ್ಯಾದೆ ಹೋಗುತ್ತದೆಂದು ಮುಚ್ಚಿಟ್ಟರೆ, ಕಳ್ಳತನವಾದ ದಿನ ಉತ್ತರ ಕೊಡುವುದು ಕಷ್ಟ.

ವಕೀಲರ ಫೀಸಿಗೆ ಹೆದರುವವರಿಗೆ ಒಂದು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅಂಗಡಿ ನಿಮ್ಮ ಹೆಸರಿನಲ್ಲಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಸಹಾಯವಾಣಿ ಸಂಖ್ಯೆ 15100.