ಕ್ಯಾಮಿಗೆ ತಕ್ಕ ಟ್ಯಾಪೆಟ್ಟು
ಎಂಜಿನ್ನಿನ ಕವಾಟಗಳನ್ನು ತೆರೆಸುವವು ಕ್ಯಾಮ್‌ಶಾಫ್ಟಿನ ಉಬ್ಬುಗಳಾದ ಕ್ಯಾಮುಗಳು; ಆ ಒತ್ತಡವನ್ನು ಮೊದಲು ಹೊರುವುದು ಟ್ಯಾಪೆಟ್ಟು. ಚಪ್ಪಟೆ ತಳದ ಟ್ಯಾಪೆಟ್ಟಿನ ಮೇಲೆ ಕ್ಯಾಮು ಉಜ್ಜುತ್ತಲೇ ಸಾಗುವುದರಿಂದ ಎರಡರ ಮೈಗುಣವೂ ಒಂದಕ್ಕೊಂದು ಒಗ್ಗಬೇಕು. ಬೀಡುಕಬ್ಬಿಣದ ಕ್ಯಾಮಿಗೆ ಗಡುಸುಗೊಳಿಸಿದ ಬೀಡುಕಬ್ಬಿಣದ ಟ್ಯಾಪೆಟ್ಟು ಹಳೆಯ, ಪಳಗಿದ ಜೋಡಿ. ಕ್ಯಾಮಿನ ಮೇಲಣ ಮ್ಯಾಂಗನೀಸ್ ಫಾಸ್ಫೇಟ್ ಲೇಪವು ಎಣ್ಣೆಯನ್ನು ಹಿಡಿದಿಟ್ಟು, ಮೊದಲ ಓಟದಲ್ಲಿ ಹೊಸ ಮೈಗಳನ್ನು ಕಾಯುತ್ತದೆ.

ಉಕ್ಕಿನ ಟ್ಯಾಪೆಟ್ಟಿಗೆ ಇಂದು ಕೊಡುವ ವಜ್ರಸದೃಶ ಇಂಗಾಲದ ಲೇಪ ಕೆಲವೇ ಮೈಕ್ರಾನ್ ದಪ್ಪ. ಗಡುಸಿನಲ್ಲಿ ಉಕ್ಕನ್ನು ಮೀರಿದ್ದು. ಆದರೆ ಅದರ ಮೈ ಒರಟಾಗಿದ್ದರೆ, ತಾನು ಉಳಿದು ಕ್ಯಾಮನ್ನು ಅರೆದೀತು. ಆದುದರಿಂದ ಲೇಪ ನುಣುಪಾಗಿರಬೇಕು, ಕ್ಯಾಮೂ ಗಟ್ಟಿಯಾಗಿರಬೇಕು. ಎಣ್ಣೆಯೂ ಹೊಂದಬೇಕು: ಮಾಲಿಬ್ಡಿನಮ್ ಕೂಡಿದ ಕೆಲವು ಎಣ್ಣೆಗಳಲ್ಲಿ ಈ ಲೇಪದ ಕೆಲವು ಬಗೆಗಳು ಬೇಗ ಸವೆಯುತ್ತವೆ.

ಗಡುಸುತನವು ಒಂಟಿಯಾಗಿ ಗುಣವಲ್ಲ. ಸವೆದ ಲೋಹದ ಪುಡಿ ಎಣ್ಣೆಯೊಡನೆ ಹರಿದು ಇಡೀ ಎಂಜಿನ್ನನ್ನೇ ಕೆಡಿಸಬಲ್ಲದು. ಹಳೆಯ ಕ್ಯಾಮಿಗೆ ಪಳಗಿದ ಟ್ಯಾಪೆಟ್ಟನ್ನು ಹೊಸದಕ್ಕೆ ಜೋಡಿಸಬಾರದೆಂಬ ನಿಯಮದ ವಿವೇಕವೂ ಇದೇ.